ಹಾಸಿಗೆಯ ಮೇಲೆ 19 ವರ್ಷ: ಏಮಿ ಕಾರ್‌ಮೈಕಲ್ ಅಮ್ಮನವರ ಜೀವಿತ

(ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸಭೆಗಳ ಸಂಯುಕ್ತ ಆರಾಧನೆಯಲ್ಲಿ ಕೊಟ್ಟ ಸಂದೇಶ)

ಮಾವಿನ ಕೊಯ್ಲು ನಡೀತಾ ಇರೋ ಸಮಯದಲ್ಲೂ ಶ್ರೀನಿವಾಸಪುರದಿಂದ ಇಷ್ಟು ಜನ ಬಂದಿದ್ದೀರಿ, ದೇವರಿಗೆ ಸ್ತೋತ್ರ. ಮಾಲೂರಿನವರು ಬೆಳಗಿನ ರೈಲು ತಪ್ಪಿ ಬಸ್ಸಿನಲ್ಲಿ ಬಂದರಂತೆ. ಹಿಂದೆ ಇನ್ನೂ ಕೆಲವು ಕುರ್ಚಿ ಖಾಲಿ ಇವೆ, ನಿಂತಿರೋರು ಬಂದು ಕೂತುಕೊಳ್ಳಿ. ಚಾಪೆ ಮೇಲೆ ಕೂರೋದಕ್ಕೆ ಮಂಡಿ ನೋವು ಇರೋರು ಸಂಕೋಚ ಪಡಬೇಡಿ, ಕುರ್ಚಿ ತಗೊಳ್ಳಿ. ಈ ಕುರ್ಚಿ ವಿಷಯ ನಾನು ಯಾಕೆ ಹೇಳ್ತಿದ್ದೀನಿ ಅಂತ ಆಮೇಲೆ ಗೊತ್ತಾಗುತ್ತೆ.

ಇವತ್ತು ವಾಕ್ಯ ಭಾಗ ಕೊರಿಂಥದವರಿಗೆ ಬರೆದ ಎರಡನೇ ಪತ್ರಿಕೆ 12ನೇ ಅಧ್ಯಾಯ. ಪೌಲನ ಶರೀರದಲ್ಲಿದ್ದ ಮುಳ್ಳು. ಮನೆಗೆ ಹೋಗಿ ಪೂರ್ತಿ ಓದಿಕೊಳ್ಳಿ. ನಾನು ಇವತ್ತು ವಾಕ್ಯವನ್ನು ವಚನ ವಚನವಾಗಿ ಬಿಡಿಸಿ ಹೇಳಲ್ಲ, ಒಬ್ಬ ತಾಯಿಯ ಜೀವಿತ ಹೇಳ್ತೀನಿ. ಅವರ ಹೆಸರು ಏಮಿ ಕಾರ್‌ಮೈಕಲ್.

ಸಂಡೇ ಸ್ಕೂಲಿಗೆ ಹೋದವರಿಗೆ ಈ ಹೆಸರು ಗೊತ್ತು. ನೀಲಿ ಕಣ್ಣಿನ ಕಥೆ ನೆನಪಿದೆಯಾ? ಐರ್ಲೆಂಡ್ ದೇಶದಲ್ಲಿ ಒಬ್ಬ ಪುಟ್ಟ ಹುಡುಗಿ. ಅವಳ ಕಣ್ಣು ಕಂದು ಬಣ್ಣ. ಅವಳಿಗೆ ನೀಲಿ ಕಣ್ಣು ಬೇಕು. ದೇವರು ಪ್ರಾರ್ಥನೆ ಕೇಳ್ತಾನೆ ಅಂತ ಅಮ್ಮ ಹೇಳಿಕೊಟ್ಟಿದ್ದಾರೆ. ರಾತ್ರಿ ಪ್ರಾರ್ಥನೆ ಮಾಡಿ ಮಲಗಿದಳು, ಬೆಳಿಗ್ಗೆ ಎದ್ದು ಕನ್ನಡಿ ನೋಡಿದರೆ ಅದೇ ಕಂದು ಕಣ್ಣು. ದೊಡ್ಡವಳಾಗಿ ಭಾರತಕ್ಕೆ ಬಂದು ಸೀರೆ ಉಟ್ಟು ನಮ್ಮ ಜನರ ಮಧ್ಯೆ ಓಡಾಡುವಾಗ ಆ ಕಂದು ಕಣ್ಣೇ ಉಪಯೋಗಕ್ಕೆ ಬಂತು. ಕಥೆ ಚೆನ್ನಾಗಿದೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆದರೆ ಪ್ರಿಯರೇ, ಅವರ ಜೀವಿತದ ಕೊನೆಯ 19 ವರ್ಷದ ಕಥೆ ಯಾವ ಸಂಡೇ ಸ್ಕೂಲಿನಲ್ಲೂ ನನಗೆ ಯಾರೂ ಹೇಳಿಕೊಡಲಿಲ್ಲ. ಬೈಬಲ್ ಕಾಲೇಜಿನಲ್ಲಿ ಮಿಷನರಿಗಳ ಚರಿತ್ರೆ ಪಾಠದಲ್ಲಿ ಅವರ ಹೆಸರು ಬಂತು, ಪರೀಕ್ಷೆಗೆ ಐದು ಅಂಕದ ಪ್ರಶ್ನೆಯೂ ಬಂತು. ದೇವಸ್ಥಾನಕ್ಕೆ ಒಪ್ಪಿಸಿದ ಮಕ್ಕಳನ್ನು ಕಾಪಾಡಿದವರು ಅಂತ ಬರೆದು ಅಂಕ ತಗೊಂಡೆ. ಆ 19 ವರ್ಷದ ಬಗ್ಗೆ ನನಗೆ ಅಗತ್ಯ ಬಿದ್ದಾಗ, ಅಂದರೆ ನಾನೇ ದೊಡ್ಡ ತಪ್ಪು ಮಾಡಿದ ಮೇಲೆ, ನಾನಾಗಿ ಓದಿದೆ.

ಅವರು ಹುಟ್ಟಿದ್ದು 1867ರ ಡಿಸೆಂಬರ್ 16. ಮಿಲ್‌ಐಲ್ ಅನ್ನೋ ಸಮುದ್ರ ತೀರದ ಊರು. ಏಳು ಮಕ್ಕಳಲ್ಲಿ ದೊಡ್ಡವರು. ತಂದೆಯ ಮನೆಯವರದು ಹಿಟ್ಟಿನ ಗಿರಣಿ. 1885ರಲ್ಲಿ ತಂದೆ ತೀರಿಕೊಂಡರು. ಏಮಿ ಅವರು ಬೆಲ್‌ಫಾಸ್ಟ್ ನಗರದಲ್ಲಿ ಗಿರಣಿ ಕೆಲಸದ ಬಡ ಹುಡುಗಿಯರ ಮಧ್ಯೆ ಸೇವೆ ಪ್ರಾರಂಭ ಮಾಡಿದರು. ಅವರಿಗಾಗಿ ತಗಡಿನ ಪ್ರಾರ್ಥನಾ ಮಂದಿರ ಕಟ್ಟಿಸಿದರು. ತಗಡಿನ ಮಂದಿರ ಅಂದ ತಕ್ಷಣ ನಮ್ಮವರ ಮುಖದಲ್ಲಿ ನಗು ಬಂತು ನೋಡಿ! ನಮ್ಮದೂ ತಗಡೇ ಅಲ್ವಾ.

ಈಗ ಗಮನ ಕೊಡಿ. ಈ ಅಮ್ಮನವರು ಗಟ್ಟಿಮುಟ್ಟಾದ ದೇಹದವರಲ್ಲ. ಚಿಕ್ಕ ವಯಸ್ಸಿನಿಂದಲೇ ನರಗಳ ನೋವು. ನ್ಯೂರಾಲ್ಜಿಯಾ ಅಂತ ಅದಕ್ಕೆ ಹೆಸರು. ಬಂದರೆ ಒಂದು ದಿನ ಎರಡು ದಿನಕ್ಕೆ ಹೋಗೋದಲ್ಲ, ವಾರಗಟ್ಟಲೆ ಹಾಸಿಗೆ ಹಿಡಿಸೋದು. ಚೀನಾ ದೇಶಕ್ಕೆ ಸೇವೆಗೆ ಹೋಗಬೇಕು ಅಂತ ಹೊರಟರು, ಡಾಕ್ಟರು ಪರೀಕ್ಷೆ ಮಾಡಿ ಈ ದೇಹ ತಡೆಯಲ್ಲ ಅಂತ ವಾಪಸ್ ಕಳಿಸಿದರು. 1893ರಲ್ಲಿ ಜಪಾನಿಗೆ ಹೋದರು, ಸುಮಾರು ಒಂದೂಕಾಲು ವರ್ಷ ಸೇವೆ ಮಾಡಿದರು, ಅಲ್ಲೂ ಆರೋಗ್ಯ ಕೆಟ್ಟಿತು. ಅಲ್ಲಿಂದ ಸಿಲೋನ್, ಅಲ್ಲಿಂದ ಮತ್ತೆ ಇಂಗ್ಲೆಂಡ್. ಆಮೇಲೆ ಎಲ್ಲಿಗೆ ಬಂದರು ಗೊತ್ತಾ? ನಮ್ಮ ಬೆಂಗಳೂರಿಗೆ. ಇಲ್ಲಿಂದ ಎಪ್ಪತ್ತು ಕಿಲೋಮೀಟರ್ ಕೂಡ ಇಲ್ಲ. ಬೆಂಗಳೂರಿನ ಹವಾ ತುಂಬಾ ಒಳ್ಳೇದು ಅಂತ ಅಲ್ಲಿ ನರ್ಸ್ ಆಗಿದ್ದ ಸ್ನೇಹಿತೆ ಕಾಗದ ಬರೆದರಂತೆ. ಈಗಿನ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರಿಗೆ ನಗು ಬರಬಹುದು. 1895ರ ನವೆಂಬರಿನಲ್ಲಿ ಮದರಾಸಿನಲ್ಲಿ ಹಡಗು ಇಳಿದು ಬೆಂಗಳೂರಿಗೆ ಬಂದರು. ಒಳ್ಳೇ ಹವಾ ಅಂತ ಬಂದವರಿಗೆ ಮೊದಲು ಸಿಕ್ಕಿದ್ದೇನು? ಡೆಂಗೀ ಜ್ವರ!

ಕಂಟೋನ್ಮೆಂಟಿನಲ್ಲಿ ತಮಿಳು ಕಲಿತರು. ಕನ್ನಡ ಕಲಿತಿದ್ದರೆ ನಮ್ಮ ಕೋಲಾರಕ್ಕೇ ಬಂದುಬಿಡುತ್ತಿದ್ದರೇನೋ ಅಂತ ನನಗೆ ಆಸೆ, ಆದರೆ ದೇವರ ಯೋಜನೆ ಬೇರೆ. ಕುದುರೆ ಸವಾರಿ ಅಂದರೆ ಅವರಿಗೆ ಪ್ರಾಣ. ಜೋರಾಗಿ ಓಡಿಸುತ್ತಿದ್ದರಂತೆ, ದೊಡ್ಡವರಿಗೆ ಅದು ಹಿಡಿಸುತ್ತಿರಲಿಲ್ಲ. ಆ ಕುದುರೆ ಮೇಲಿನ ಹುಡುಗಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮುಂದೆ ಹತ್ತು ಹೆಜ್ಜೆ ನಡೆಯೋದೇ ಇವರಿಗೆ ದೊಡ್ಡ ವಿಷಯ ಆಗುತ್ತೆ.

1896ರ ಕೊನೆಗೆ ತಿರುನೆಲ್ವೇಲಿ ಕಡೆಗೆ ಹೋದರು. ಎತ್ತಿನ ಗಾಡಿಯಲ್ಲಿ ಹಳ್ಳಿ ಹಳ್ಳಿ ಸುತ್ತಿದರು. 1901ರ ಮಾರ್ಚಿನಲ್ಲಿ ದೇವಸ್ಥಾನದಿಂದ ಓಡಿಬಂದ ಏಳು ವರ್ಷದ ಹುಡುಗಿಯೊಬ್ಬಳು ಅವರ ಹತ್ತಿರ ಸೇರಿದಳು. ಅಲ್ಲಿಂದ ಡೋನಾವೂರು ಅನ್ನೋ ಹಳ್ಳಿಯಲ್ಲಿ ಒಂದು ದೊಡ್ಡ ಕುಟುಂಬ ಬೆಳೀತು. 1913ರ ಹೊತ್ತಿಗೆ 130 ಮಕ್ಕಳು. ಆಮೇಲೆ ಗಂಡುಮಕ್ಕಳಿಗೂ ಮನೆ, ಆಸ್ಪತ್ರೆ, ಹೊಲ, ತೋಟ. ಎಲ್ಲರೂ ಅವರನ್ನು ಅಮ್ಮ ಅಂತಲೇ ಕರೆದರು. 1895ರಲ್ಲಿ ಬಂದವರು ರಜೆಗೆ ಅಂತ ಒಂದು ಸಲವೂ ತಮ್ಮ ದೇಶಕ್ಕೆ ವಾಪಸ್ ಹೋಗಲಿಲ್ಲ. ಈ ಭಾಗ ಎಲ್ಲ ಪುಸ್ತಕದಲ್ಲೂ ಇದೆ, ನಾನು ಬೇಗ ದಾಟಿ ಹೋಗ್ತೀನಿ.

1931ರ ಸೆಪ್ಟೆಂಬರ್ 24. ಅಮ್ಮನವರಿಗೆ 63 ವರ್ಷ. ಅವತ್ತು ಬೆಳಿಗ್ಗೆ ಅವರು ಒಂದು ಪ್ರಾರ್ಥನೆ ಮಾಡಿದರು. ನಿನ್ನ ಸೇವೆಗೆ, ನನ್ನ ಪ್ರಿಯರಿಗೆ ಸಹಾಯ ಮಾಡೋದಕ್ಕೆ ನನ್ನನ್ನು ಯೋಗ್ಯಳನ್ನಾಗಿ ಮಾಡಲು ಏನು ಬೇಕಾದರೂ ಮಾಡು ಕರ್ತನೇ ಅನ್ನೋ ಅರ್ಥದ ಪ್ರಾರ್ಥನೆ. ನಾವೂ ಹಾಗೆ ಪ್ರಾರ್ಥನೆ ಮಾಡ್ತೀವಿ, ಅಲ್ವಾ? ಹಾಡಿನಲ್ಲಂತೂ ದಿನಾ ಹೇಳ್ತೀವಿ. ಅದೇ ಸಂಜೆ ಕಳಕ್ಕಾಡು ಅನ್ನೋ ಊರಿಗೆ ಹೋದರು. ಅಲ್ಲಿ ಸೇವೆಗೆ ಒಂದು ಮನೆ ಬಾಡಿಗೆಗೆ ಹಿಡಿದಿದ್ದರು, ಅದನ್ನು ನೋಡೋದಕ್ಕೆ. ಕತ್ತಲಾಗ್ತಾ ಬಂದಿತ್ತು. ಅಂಗಳದಲ್ಲಿ ಕಕ್ಕಸಿಗೆ ಅಂತ ಗುಂಡಿ ತೋಡಿದ್ದರು. ಕಾಣಲಿಲ್ಲ. ಬಿದ್ದರು. ಕಾಲು ಮುರೀತು, ಕಣಕಾಲು ತಿರುಚಿತು, ಬೆನ್ನಿಗೂ ಪೆಟ್ಟು. ನೆಯ್ಯೂರಿನ ಮಿಷನ್ ಆಸ್ಪತ್ರೆಗೆ ಸಾಗಿಸಿದರು.

ಎಲ್ಲರೂ ಏನಂದುಕೊಂಡರು? ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು, ಮೂಳೆ ಕೂಡುತ್ತೆ, ಅಮ್ಮ ಎದ್ದು ಓಡಾಡ್ತಾರೆ. ಅವರೂ ಹಾಗೇ ಅಂದುಕೊಂಡರು. ವಾರ ತಿಂಗಳಾಯಿತು, ತಿಂಗಳು ವರ್ಷ ಆಯಿತು. ಮೂಳೆಯ ಜೊತೆಗೆ ಕೀಲುವಾತ ಬಂತು, ಕೈಗೆ ನರದ ನೋವು ಬಂತು, ಒಂದರ ಮೇಲೊಂದು. ರಾತ್ರಿ ನಿದ್ದೆ ಇಲ್ಲ. 1951ರ ಜನವರಿ 18ರಂದು ತೀರಿಕೊಳ್ಳೋವರೆಗೂ ಹೆಚ್ಚುಕಡಿಮೆ ಅದೇ ಕೋಣೆ. ಲೆಕ್ಕ ಹಾಕಿ ನೋಡಿ, 19 ವರ್ಷ ಮೂರು ತಿಂಗಳು ದಾಟುತ್ತೆ.

ಪ್ರಿಯರೇ, ಇಲ್ಲಿ ನಾನು ನಿಲ್ಲಿಸಿ ನನ್ನ ವಿಷಯ ಹೇಳಬೇಕು. ನಮ್ಮ ತಾಯಿಯವರು ಅಲ್ಲಿ ಮೂರನೇ ಸಾಲಿನಲ್ಲಿ ಕುರ್ಚಿ ಮೇಲೆ ಕೂತಿದ್ದಾರೆ. ಅವರನ್ನು ಕೇಳಿಯೇ ಹೇಳ್ತಿದ್ದೀನಿ.

ನಾನು ಬೈಬಲ್ ಕಾಲೇಜಿನ ಕೊನೇ ವರ್ಷದಲ್ಲಿದ್ದಾಗ ಅಮ್ಮನಿಗೆ ಕೈ ಬೆರಳು ಊದೋಕೆ ಶುರುವಾಯಿತು. ನಮ್ಮ ಕಡೆ ಕೀಲುನೋವು ಅಂದರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಸಾವಿರ ಅಡಿ ಕೆಳಗಿಂದ ಬರೋ ಬೋರ್‌ವೆಲ್ ನೀರು ಕುಡಿದು ಬೆಳೆದ ಜನ ನಾವು. ಫ್ಲೋರೈಡಿನಿಂದ ಹಲ್ಲು ಕಂದಾದವರು, ಬೆನ್ನು ಕುತ್ತಿಗೆ ಬಿಗಿದುಕೊಂಡು ಹಿಂದೆ ತಿರುಗಿ ನೋಡೋದಕ್ಕೆ ಆಗದ ಅಜ್ಜಂದಿರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಅಮ್ಮಂದೂ ನೀರಿನದೇ ಅಂದುಕೊಂಡೆವು. ಆಮೇಲೆ ರಕ್ತಪರೀಕ್ಷೆ ಮಾಡಿಸಿದಾಗ ರುಮಟಾಯ್ಡ್ ಆರ್ಥರೈಟಿಸ್ ಅಂದರು. ದೇಹದ ರಕ್ಷಣಾ ಶಕ್ತಿಯೇ ತನ್ನ ಕೀಲುಗಳ ಮೇಲೆ ಯುದ್ಧಕ್ಕೆ ಹೋಗೋ ಕಾಯಿಲೆ. ವಾರಕ್ಕೆ ಒಂದು ದಿನ ನುಂಗೋ ಮಾತ್ರೆ, ಮೆಥೋಟ್ರೆಕ್ಸೇಟ್ ಅಂತ. ನುಂಗಿದ ಮಾರನೇ ದಿನ ಹೊಟ್ಟೆ ತೊಳಸುತ್ತೆ, ಊಟ ಸೇರಲ್ಲ. ಆಗಾಗ ರಕ್ತಪರೀಕ್ಷೆ. ಜೀವನಪರ್ಯಂತ ಬೇಕಾಗಬಹುದು ಅಂದರು.

ನಾನು ಡಿಪ್ಲೊಮಾ ಮುಗಿಸಿ ಊರಿಗೆ ಬಂದೆ. ಇಪ್ಪತ್ತೆರಡು ವರ್ಷ. ಬಿಸಿ ರಕ್ತ. ಜೀವನಪರ್ಯಂತ ಅನ್ನೋ ಮಾತು ನನಗೆ ಅವಿಶ್ವಾಸದ ಮಾತು ಅನ್ನಿಸಿತು. ಉಪವಾಸ ಮಾಡಿ, ಎಣ್ಣೆ ಹಚ್ಚಿ, ಕೈಯಿಟ್ಟು ಪ್ರಾರ್ಥನೆ ಮಾಡಿದೆ. ಅವತ್ತು ಅಮ್ಮನಿಗೆ ನೋವು ಸ್ವಲ್ಪ ಕಡಿಮೆ ಅನ್ನಿಸಿತು. ಈ ಕಾಯಿಲೆ ಹಾಗೇ, ಏರುತ್ತೆ ಇಳಿಯುತ್ತೆ, ನನಗೆ ಆಗ ಗೊತ್ತಿರಲಿಲ್ಲ. ಆ ಭಾನುವಾರವೇ ಸಭೆ ಮುಂದೆ ಅಮ್ಮನನ್ನು ನಿಲ್ಲಿಸಿ ಸಾಕ್ಷಿ ಹೇಳಿಸಿದೆ. ಇನ್ನು ಮಾತ್ರೆ ಬೇಡ ಅಂದೆ. ಮಗ ದೇವರ ಸೇವಕ, ಅವರು ನನ್ನ ಮಾತು ಕೇಳಿದರು.

ನಾಲ್ಕು ತಿಂಗಳು. ಆ ನಾಲ್ಕು ತಿಂಗಳಲ್ಲಿ ಬೆರಳುಗಳು ಒಂದು ಕಡೆಗೆ ವಾಲೋಕೆ ಶುರುವಾದವು. ಮುದ್ದೆ ಕೋಲು ಹಿಡಿಯೋಕೆ ಆಗಲ್ಲ. ಹಸುವಿನ ಹಾಲು ಕರೆಯೋಕೆ ಆಗಲ್ಲ, ಬೆಳಿಗ್ಗೆ ಡೈರಿಗೆ ಹಾಲು ಹಾಕೋದು ತಂಗಿಯ ಪಾಲಿಗೆ ಬಂತು. ಆದರೂ ಅಮ್ಮ ನನ್ನ ಮುಂದೆ ನೋವು ಅಂತ ಹೇಳಲಿಲ್ಲ. ಒಂದು ದಿನ ಒಗ್ಗರಣೆಗೆ ಅಂತ ಸಾಸಿವೆ ಡಬ್ಬ ತೆಗೆದರೆ ಅದರೊಳಗೆ ಮಾತ್ರೆ ಪಟ್ಟಿ. ತಂಗಿಯ ಕೈಲಿ ತರಿಸಿಕೊಂಡು ಮತ್ತೆ ನುಂಗೋಕೆ ಶುರು ಮಾಡಿದ್ದರು, ನನಗೆ ಗೊತ್ತಾಗದ ಹಾಗೆ. ಯಾಕೆ ಅಂದರೆ ಮಗನ ಸೇವೆಗೆ ಕೆಟ್ಟ ಹೆಸರು ಬರಬಾರದು. ಸ್ವಸ್ಥತೆ ಆಯಿತು ಅಂತ ಅಷ್ಟು ಜನರ ಮುಂದೆ ಹೇಳಿಸಿದ್ದೇನಲ್ಲ, ಈಗ ಇಲ್ಲ ಅಂದರೆ ನನ್ನ ಮಾತು ಏನಾಗಬೇಕು? ಪ್ರಿಯರೇ, ಒಬ್ಬ ತಾಯಿ ತನ್ನ ಔಷಧಿಯನ್ನು ಕಳ್ಳತನದ ಹಾಗೆ ಬಚ್ಚಿಡೋ ಪರಿಸ್ಥಿತಿ ನಾನು ತಂದಿಟ್ಟೆ. ವಾಲಿದ ಬೆರಳು ಇನ್ನು ಮೊದಲಿನಂತೆ ಆಗಲ್ಲ ಅಂತ ಡಾಕ್ಟರು ಹೇಳಿದರು. ಆಗಲೂ ಇಲ್ಲ.

ಆ ಡಬ್ಬ ಕೈಯಲ್ಲಿ ಹಿಡಿದ ಮೇಲೆಯೇ ನಾನು ಏಮಿ ಅಮ್ಮನವರನ್ನು ಸರಿಯಾಗಿ ಓದಿದ್ದು.

ಅವರ ಬಲಗೈಯಂತೆ ಇದ್ದ ಪೊನ್ನಮ್ಮಾಳ್ ಅನ್ನೋ ತಾಯಿ ಒಬ್ಬರಿದ್ದರು. ಚಿಕ್ಕ ವಯಸ್ಸಿನಲ್ಲೇ ವಿಧವೆ. ಹಸುಗೂಸುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಅವರು. ಅವರಿಗೆ ಕ್ಯಾನ್ಸರ್ ಬಂತು. ಆಪರೇಷನ್ ಆಯಿತು, ಮತ್ತೆ ಬಂತು. ಡೋನಾವೂರಿನವರು ಪ್ರಾರ್ಥನೆ ಬಿಟ್ಟವರಲ್ಲ. ದೈವಿಕ ಸ್ವಸ್ಥತೆಯಲ್ಲಿ ನಂಬಿಕೆ ಇದ್ದ ಒಬ್ಬರು ಬಂದಾಗ ಎಲ್ಲರೂ ಸೇರಿ, ಜಯದ ಗುರುತಾಗಿ ತಾಳೆಗರಿಯನ್ನು ಅವರ ಹಾಸಿಗೆಯ ಮೇಲೆ ಅಡ್ಡಲಾಗಿ ಇಟ್ಟು, ಮೊಣಕಾಲೂರಿ ಪ್ರಾರ್ಥನೆ ಮಾಡಿದರು. ನಮ್ಮ ಸಭೆ ಹೇಗೆ ಮಾಡುತ್ತೋ ಹಾಗೆ. ಆಮೇಲೆ ಏನಾಯಿತು? ಆ ಹೊತ್ತಿನಿಂದ ನೋವು ಜಾಸ್ತಿಯಾಯಿತು. 1915ರಲ್ಲಿ ಪೊನ್ನಮ್ಮಾಳ್ ತೀರಿಕೊಂಡರು.

ಇದನ್ನು ಏಮಿ ಅಮ್ಮನವರು ಮುಚ್ಚಿಡಲಿಲ್ಲ. ಬರೆದಿಟ್ಟರು. ನಾನಾಗಿದ್ದರೆ ಬರೆಯುತ್ತಿದ್ದೆನಾ? ನಮ್ಮ ಕೂಟಗಳ ಸಾಕ್ಷಿಗಳಲ್ಲಿ ಸ್ವಸ್ಥವಾದವರು ವೇದಿಕೆಗೆ ಬರ್ತಾರೆ. ಸ್ವಸ್ಥವಾಗದವರು ಎಲ್ಲಿ ಹೋಗ್ತಾರೆ? ಎರಡು ತಿಂಗಳು ಹಿಂದಿನ ಸಾಲಿನಲ್ಲಿ ಕೂರ್ತಾರೆ, ಆಮೇಲೆ ಬರೋದು ನಿಲ್ಲಿಸ್ತಾರೆ. ನಾವು ಹಿಂಜಾರಿದರು ಅಂತೀವಿ. ಅವರು ಹಿಂಜಾರಿಲ್ಲ, ಬಸ್ಸಿನ ಮೆಟ್ಟಿಲು ಹತ್ತೋಕೆ ಆಗ್ತಿಲ್ಲ. ಇನ್ನೊಂದು ಸಲ ಯಾರಾದರೂ ಬಂದು ವಿಶ್ವಾಸ ಸಾಲದು ಅಂದರೆ ಅದನ್ನು ಹೊತ್ತುಕೊಳ್ಳೋ ಶಕ್ತಿ ಉಳಿದಿಲ್ಲ.

ದೇವರು ಸ್ವಸ್ಥಪಡಿಸ್ತಾನೆ ಅಂತ ನಾನು ಇವತ್ತೂ ನಂಬ್ತೀನಿ. ಇವತ್ತೂ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡ್ತೀನಿ. ಅದರಲ್ಲಿ ಯಾರಿಗೂ ಸಂದೇಹ ಬೇಡ. ಆದರೆ ಅದೇ ಸತ್ಯವೇದದಲ್ಲಿ ಪೌಲನು ತ್ರೊಫಿಮನನ್ನು ಕಾಯಿಲೆಯಲ್ಲಿಯೇ ಮಿಲೇತದಲ್ಲಿ ಬಿಟ್ಟು ಬಂದ. ತಿಮೊಥೆಗೆ ಆಗಾಗ ಬರೋ ಕಾಯಿಲೆ ಇತ್ತು, ಪೌಲನು ಹೊಟ್ಟೆಗೆ ಏನು ತಗೋಬೇಕು ಅಂತ ಹೇಳಿದ, ವಿಶ್ವಾಸ ಸಾಲದು ಅಂತ ಬೈಯಲಿಲ್ಲ. ಮೈ ಮುಟ್ಟಿದ ಬಟ್ಟೆಗಳಿಂದಲೂ ರೋಗ ಹೋಗುತ್ತಿದ್ದ ಅಪೊಸ್ತಲ ಅವನು! ಮಾರ್ಕ 5ರಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ಕಷ್ಟಪಟ್ಟ ಆ ತಾಯಿ. ನಾವು ಅವಳು ಅಂಚನ್ನು ಮುಟ್ಟಿದ ಆ ಒಂದು ಕ್ಷಣ ಪ್ರಸಂಗ ಮಾಡ್ತೀವಿ. ಅದಕ್ಕೆ ಮುಂಚಿನ ಹನ್ನೆರಡು ವರ್ಷದ ಬೆಳಗು, ಹನ್ನೆರಡು ವರ್ಷದ ರಾತ್ರಿ, ಖರ್ಚಾದ ದುಡ್ಡು, ಅದನ್ನು ಯಾರೂ ಪ್ರಸಂಗ ಮಾಡಲ್ಲ.

ಸರಿ, ಡೋನಾವೂರಿನ ಕೋಣೆಗೆ ಬನ್ನಿ.

ಅಮ್ಮನವರಿಗೆ ಹಾಸಿಗೆ ಹಿಡಿಯೋದು ಅಂದರೆ ಮೊದಲಿಂದಲೂ ಭಯ ಇತ್ತು. ಬೇರೆಯವರಿಗೆ ಭಾರ ಆಗಬಾರದು, ಕೆಲಸ ಮಾಡ್ತಾ ಮಾಡ್ತಾ ಹೊರಟುಹೋಗಬೇಕು ಅನ್ನೋದು ಅವರ ಆಸೆ, ಅವರ ಪ್ರಾರ್ಥನೆ. ಅದೂ ನೀಲಿ ಕಣ್ಣಿನ ಪ್ರಾರ್ಥನೆಯ ಹಾಗೇ ಆಯಿತು. ನೂರಾರು ಜನರ ಮನೆ ನಡೆಸಿದ ಕೈ ಈಗ ಒಂದು ಲೋಟ ನೀರಿಗೆ ಇನ್ನೊಬ್ಬರನ್ನು ಕರೀಬೇಕು. ಮನೆಯಲ್ಲಿ ಕಾಯಿಲೆಯವರು ಇರೋರಿಗೆ ಇದು ಅರ್ಥ ಆಗುತ್ತೆ. ಅಮ್ಮ ನನಗೆ ಹೇಳಿದ್ದು ಇದನ್ನೇ. ನೋವಿಗಿಂತ ದೊಡ್ಡದು ಕೇಳೋದು. ಶುದ್ಧ ನೀರಿನ ಘಟಕದಿಂದ ಇಪ್ಪತ್ತು ಲೀಟರ್ ಕ್ಯಾನ್ ಎತ್ತೋಕೆ ಕೇಳಬೇಕು, ಜಡೆ ಹಾಕೋಕೆ ಕೇಳಬೇಕು, ನಲ್ಲಿ ತಿರುಗಿಸೋಕೆ ಕೇಳಬೇಕು, ಹುಕ್ ಹಾಕೋಕೆ ಮಗಳನ್ನು ಕರೀಬೇಕು. ಒಂದು ದಿನಕ್ಕೆ ಎಷ್ಟು ಸಲ ಕೇಳೋದು? ಕೆಲವು ದಿನ ಬಾಯಾರಿಕೆ ಆದರೂ ಸುಮ್ಮನೆ ಇರೋದು.

ಆ ಕೋಣೆಗೆ ಸಮಾಧಾನದ ಕೋಣೆ ಅಂತ ಹೆಸರು. ಪಕ್ಕದಲ್ಲಿ ಹಕ್ಕಿಗಳನ್ನು ಸಾಕಿದ್ದರು, ಮಲಗಿದ ಕಡೆಯಿಂದಲೇ ಕಾಣೋ ಹಾಗೆ. ಹೆಸರು ಕೇಳಿ ಅಲ್ಲಿ ಯಾವಾಗಲೂ ಸಮಾಧಾನ ಇತ್ತು ಅಂದುಕೊಳ್ಳಬೇಡಿ. ರಾತ್ರಿಗಳು ಉದ್ದ. ದೇಹ ನೋವಿನಲ್ಲಿ ಇರೋವಾಗ ಮನಸ್ಸು ಕಿರಿಕಿರಿ ಆಗುತ್ತೆ, ಪ್ರಾರ್ಥನೆ ನಿಲ್ಲಲ್ಲ, ಚಿಕ್ಕ ಮಾತಿಗೆ ಸಿಟ್ಟು ಬರುತ್ತೆ. ಅವರು ತಮ್ಮನ್ನು ಪರಿಶುದ್ಧಳು ಅಂತ ತೋರಿಸಿಕೊಳ್ಳದೆ ಇವುಗಳ ಬಗ್ಗೆಯೂ ಬರೆದರು.

ಈಗ ನನ್ನ ಹೃದಯವನ್ನು ಮುರಿದ ವಿಷಯ. ಅವರು ಮಲಗಿದ್ದಾರೆ ಅಂತ ತಿಳಿದು ಜನ ಅವರಿಗೆ ಪುಸ್ತಕಗಳು, ಕರಪತ್ರಗಳು ಕಳಿಸುತ್ತಿದ್ದರು. ಕಾಯಿಲೆಯವರಿಗೆ ಆದರಣೆ ಕೊಡೋ ಕರಪತ್ರಗಳು. ಒಳ್ಳೇ ಮನಸ್ಸಿನಿಂದಲೇ ಕಳಿಸಿದ್ದು. ಆದರೆ ಓದಿದರೆ ಅವರಿಗೆ ಸಹಾಯ ಆಗಲಿಲ್ಲ. ಯಾಕೆ? ಬರೆದವರು ಆರೋಗ್ಯವಂತರು. ನೋವಿನ ಒಳಗಿಂದ ಬಂದ ಮಾತಲ್ಲ ಅದು, ಹೊರಗೆ ನಿಂತು ಹೇಳಿದ ಮಾತು. ಆಮೇಲೆ ಅವರಿಗೆ ಅನ್ನಿಸಿತು, ಕಾಯಿಲೆಯವರಿಗೆ ಕಾಯಿಲೆಯವರೇ ಬರೀಬೇಕು, ಅದೂ ನೋವು ಇರೋವಾಗಲೇ ಬರೀಬೇಕು, ವಾಸಿಯಾದ ಮೇಲೆ ಅಲ್ಲ. ವಾಸಿಯಾದ ಮೇಲೆ ಮರೆತುಹೋಗುತ್ತಲ್ಲ! ಹೀಗೆ ಕಾಯಿಲೆಯಲ್ಲಿ ಇದ್ದವರಿಗೆ ಬರೆದ ಪತ್ರಗಳು 1933ರಲ್ಲಿ ಪುಸ್ತಕ ಆದವು. ರೋಸ್ ಫ್ರಮ್ ಬ್ರಯರ್ ಅಂತ ಅದರ ಹೆಸರು. ಮುಳ್ಳುಗಿಡದಿಂದ ಗುಲಾಬಿ ಅನ್ನೋ ಅರ್ಥ.

ನಾನು ಅದನ್ನು ಓದುವಾಗ ಆ ಕರಪತ್ರದ ಜಾಗದಲ್ಲಿ ನನ್ನನ್ನು ಕಂಡೆ. ನಾನೂ ಒಂದು ನಡೆದಾಡೋ ಕರಪತ್ರವೇ ಆಗಿದ್ದೆ. ಮುಳಬಾಗಿಲಿನಲ್ಲಿ ಒಬ್ಬ ಅಣ್ಣನಿಗೆ ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಒಣಗ್ತಿರಲಿಲ್ಲ. ನಾನು ಹೋಗಿ ಹತ್ತು ನಿಮಿಷ ಕೂತು, ಎಲ್ಲವೂ ಒಳ್ಳೇದಕ್ಕೇ ಅಂತ ಹೇಳಿ, ಪ್ರಾರ್ಥನೆ ಮಾಡಿ, ಅವರ ಹೆಂಡತಿ ಮಾಡಿಕೊಟ್ಟ ಕಾಫಿ ಕುಡಿದು, ಗಾಡಿ ಸ್ಟಾರ್ಟ್ ಮಾಡಿ ಬಂದೆ. ಬರುವಾಗ ಸಂದರ್ಶನೆ ಮುಗೀತು ಅನ್ನೋ ತೃಪ್ತಿ ಬೇರೆ. ಗಾಯ ತೊಳೆಯೋದು ದಿನಕ್ಕೆ ಎಷ್ಟು ಹೊತ್ತು, ಯಾರು ತೊಳೀತಾರೆ, ರಾತ್ರಿ ಹೇಗೆ ಮಲಗ್ತಾರೆ, ಇನ್ಸುಲಿನ್ ಇಡೋದಕ್ಕೆ ಮನೇಲಿ ಫ್ರಿಜ್ ಇದೆಯಾ, ಕರೆಂಟ್ ಹೋದರೆ ಏನು ಮಾಡ್ತಾರೆ, ಕೆಲಸಕ್ಕೆ ಹೋಗದೆ ಎಷ್ಟು ವಾರ ಆಯಿತು, ಒಂದನ್ನೂ ಕೇಳಲಿಲ್ಲ. ಯೋಬನ ಸ್ನೇಹಿತರ ಬಗ್ಗೆ ನಾವು ಕೆಟ್ಟದಾಗಿ ಮಾತಾಡ್ತೀವಿ. ಅವರು ಮೊದಲ ಏಳು ದಿನ ಏಳು ರಾತ್ರಿ ಮಾತಾಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ನಾನು ಹತ್ತು ನಿಮಿಷ.

ಇನ್ನೊಂದು ವಿಷಯ ಅಮ್ಮನಿಂದ ಕಲಿತೆ. ಈ ಕಾಯಿಲೆಗಳಲ್ಲಿ ಎಲ್ಲ ದಿನ ಒಂದೇ ರೀತಿ ಇರಲ್ಲ. ಬೆಳಿಗ್ಗೆ ಎದ್ದರೆ ಮೈಯೆಲ್ಲ ಮರದ ಕೊರಡಿನ ಹಾಗೆ ಬಿಗಿದಿರುತ್ತೆ, ಒಂದು ಗಂಟೆ, ಕೆಲವು ದಿನ ಎರಡು ಗಂಟೆ. ಹತ್ತೂವರೆಗೆ ಆರಾಧನೆಗೆ ಬರಬೇಕಾದರೆ ಅಮ್ಮ ಐದಕ್ಕೇ ಏಳಬೇಕು. ಬಂದ ಮೇಲೆ ನೋಡೋರಿಗೆ ಚೆನ್ನಾಗಿ ಕಾಣ್ತಾರೆ. ಅಕ್ಕ, ಈಗ ಪೂರ್ತಿ ವಾಸಿ ಆದ ಹಾಗಿದೆ ಅಂತೀರಿ ನೀವು, ಪ್ರೀತಿಯಿಂದಲೇ. ಸೋಮವಾರ ಅವರು ಹಾಸಿಗೆಯಿಂದ ಏಳಲ್ಲ ಅನ್ನೋದು ನಿಮಗೆ ಕಾಣಲ್ಲ. ಭಾನುವಾರದ ಎರಡು ಗಂಟೆಗೆ ಸೋಮವಾರ ಪೂರ್ತಿ ಬೆಲೆ ಕಟ್ಟುತ್ತಾರೆ. ಕೈ ಕುಲುಕಿ ಗಟ್ಟಿಯಾಗಿ ಹಿಡೀತೀರಲ್ಲ, ಆ ಬೆರಳಿಗೆ ಅದು ಬೆಂಕಿ. ಚಪ್ಪಾಳೆ ತಟ್ಟಿ ಅಂತ ನಾನು ವೇದಿಕೆಯಿಂದ ಕೂಗ್ತೀನಿ, ಅವರು ಎರಡು ಕೈ ಜೋಡಿಸಿ ಸುಮ್ಮನೆ ಕೂರ್ತಾರೆ. ಒಮ್ಮೆ ಹೊರಗಿಂದ ಬಂದ ಪ್ರಸಂಗಿಯೊಬ್ಬರು ಚಪ್ಪಾಳೆ ತಟ್ಟದವರಿಗೆ ಆತ್ಮದ ಸಂತೋಷ ಇಲ್ಲ ಅಂದರು. ಅಮ್ಮ ಅವತ್ತು ಮನೆಗೆ ಬಂದು ಏನೂ ಮಾತಾಡಲಿಲ್ಲ.

ಏಮಿ ಅಮ್ಮನವರು ಆ ಹಾಸಿಗೆಯಿಂದ ಏನು ಮಾಡಿದರು ಅಂತ ಕೇಳ್ತೀರಿ. ಬರೆದರು. ಜೀವಮಾನದಲ್ಲಿ ಬರೆದ ಮೂವತ್ತೈದರಷ್ಟು ಪುಸ್ತಕಗಳಲ್ಲಿ ಹದಿಮೂರರಷ್ಟು ಆ ಕೋಣೆಯಿಂದ ಬಂದವು. ಕೆಲಸದವರಿಗೆ, ಮಕ್ಕಳಿಗೆ ಚೀಟಿ ಮೇಲೆ ಚೀಟಿ ಬರೆದರು. ಮಕ್ಕಳು ಕೋಣೆಗೆ ಬಂದು ಅಮ್ಮನ ಹತ್ತಿರ ಕೂತು ಹೋಗ್ತಿದ್ದರು. ಇದನ್ನು ಹೇಳೋದಕ್ಕೆ ನನಗೆ ಸ್ವಲ್ಪ ಭಯವೂ ಇದೆ. ಯಾಕಂದರೆ ನಾಳೆ ನಿಮ್ಮಲ್ಲಿ ಯಾರಾದರೂ ಕಾಯಿಲೆಯವರ ಮನೆಗೆ ಹೋಗಿ, ನೋಡಿ ಏಮಿ ಅಮ್ಮ ಹಾಸಿಗೆ ಮೇಲೆ ಹದಿಮೂರು ಪುಸ್ತಕ ಬರೆದರು, ನೀವು ಏನು ಮಾಡಿದಿರಿ ಅಂತ ಕೇಳಿಬಿಡಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಅವರ ಸುತ್ತ ಶುಶ್ರೂಷೆ ಮಾಡೋರು, ಡಾಕ್ಟರು, ದೊಡ್ಡ ಕುಟುಂಬ ಇತ್ತು. ನಮ್ಮ ಅಕ್ಕಂದಿರು ನೋವಿನ ಕೈಯಲ್ಲೇ ಟೊಮ್ಯಾಟೊ ಕೀಳೋಕೆ ಹೋಗ್ತಾರೆ, ಹೋಗದಿದ್ದರೆ ಆ ದಿನದ ಕೂಲಿ ಇಲ್ಲ. ಅವರು ಬೆಳಿಗ್ಗೆ ಎದ್ದು ಒಲೆ ಹಚ್ಚಿದ್ದೇ ದೇವರ ಮುಂದೆ ಒಂದು ಪುಸ್ತಕ ಅಂತ ನಾನು ಲೆಕ್ಕ ಹಾಕ್ತೀನಿ.

1948ರಲ್ಲಿ ಕೋಣೆಯಲ್ಲೇ ಮತ್ತೆ ಬಿದ್ದರು, ಮತ್ತೆ ಮೂಳೆ ಮುರೀತು. ಆಮೇಲೆ ಹಾಸಿಗೆ ಬಿಟ್ಟು ಏಳಲಿಲ್ಲ. ಸಾಯೋವಾಗ 83 ವರ್ಷ. ತಮ್ಮ ಸಮಾಧಿಯ ಮೇಲೆ ಕಲ್ಲು ನೆಡಬೇಡಿ ಅಂದಿದ್ದರು. ಮಕ್ಕಳು ಕಲ್ಲು ನೆಡಲಿಲ್ಲ. ಅಲ್ಲಿ ಹಕ್ಕಿಗಳು ನೀರು ಕುಡಿಯೋ ಒಂದು ತೊಟ್ಟಿ ಇಟ್ಟರು. ಅದರ ಮೇಲೆ ಅಮ್ಮ ಅನ್ನೋ ತಮಿಳಿನ ಒಂದೇ ಮಾತು.

ನನ್ನ ತಾಯಿಯ ಹತ್ತಿರ ನಾನು ಕ್ಷಮೆ ಕೇಳಿದ್ದು ಅಡುಗೆಮನೆಯಲ್ಲಿ. ಇವತ್ತು ಸಭೆ ಮುಂದೆ ಕೇಳ್ತಿದ್ದೀನಿ, ಯಾಕಂದರೆ ಆ ಸಾಕ್ಷಿ ನಾನು ಸಭೆ ಮುಂದೆ ಹೇಳಿಸಿದ್ದು. ಅವತ್ತು ಅದನ್ನು ಕೇಳಿ ನಿಮ್ಮಲ್ಲಿ ಯಾರಾದರೂ ಬಿಪಿ ಮಾತ್ರೆ, ಸಕ್ಕರೆ ಮಾತ್ರೆ, ಫಿಟ್ಸ್ ಮಾತ್ರೆ ನಿಲ್ಲಿಸಿದ್ದರೆ ನನ್ನನ್ನು ಕ್ಷಮಿಸಿ. ನಾಳೆಯೇ ಡಾಕ್ಟರ ಹತ್ತಿರ ಹೋಗಿ. ಹೋಗೋದಕ್ಕೆ ಬಸ್ ಚಾರ್ಜಿಗೆ ತೊಂದರೆ ಇದ್ದರೆ ಆರಾಧನೆ ಆದ ಮೇಲೆ ನನಗೆ ಒಬ್ಬನಿಗೇ ಹೇಳಿ, ಜೊತೆಗೆ ಯಾರೂ ಇಲ್ಲದಿದ್ದರೆ ನಾನೇ ಬರ್ತೀನಿ. ಅಲ್ಲಿ ಟೋಕನ್ ಸಾಲಿನಲ್ಲಿ ನಿಮ್ಮ ಬದಲು ನಾನು ನಿಂತ್ಕೋತೀನಿ. ಮುಳಬಾಗಿಲಿನ ಆ ಅಣ್ಣನ ಮನೆಗೆ ಈ ಮಧ್ಯಾಹ್ನ ಹೋಗ್ತಿದ್ದೀನಿ. ಗಾಯಕ್ಕೆ ಬ್ಯಾಂಡೇಜ್ ಕಟ್ಟೋದು ಹೇಗೆ ಅಂತ ಅವರ ಹೆಂಡತಿ ನನಗೆ ತೋರಿಸಿಕೊಟ್ಟಿದ್ದಾರೆ, ಭಾನುವಾರ ಮಧ್ಯಾಹ್ನ ಆ ಅಕ್ಕ ಮಲಗಿ ನಿದ್ದೆ ಮಾಡ್ತಾರೆ. ನನ್ನ ಜೊತೆ ಬರೋಕೆ ಇನ್ನಿಬ್ಬರು ಯೌವನಸ್ಥರು ಬೇಕು, ಒಬ್ಬರು ನೀರಿನ ಕ್ಯಾನ್ ತರೋಕೆ.

ಈಗ ಪ್ರಾರ್ಥನೆ ಮಾಡೋಣ. ಎದ್ದು ನಿಲ್ಲೋಕೆ ಆಗೋರು ನಿಲ್ಲಿ. ಕೂತಿರಬೇಕಾದವರು ಕೂತೇ ಇರಿ.